ನನ್ನ ಸ್ಪೀಕರ್‌ಗಳಿಗೆ ವಾಲ್ವ್ ಆಂಪ್ಲಿಫೈಯರ್ ಏಕೆ ಹೊಂದಿತು

ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಬಳಸುವ ಆಂಪ್ಲಿಫೈಯರ್ ತುಂಬುದನಿಯದು, ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬಿಗಿದನಿಯದು ಎನ್ನುತ್ತಾರೆ. ಆ ಮಾತನ್ನು ಒಪ್ಪುವ ಮೊದಲು ನಾನು ನನ್ನ ಸ್ಪೀಕರ್‌ಗಳ ಇಂಪೀಡೆನ್ಸ್ ನಕ್ಷೆಯನ್ನು, ಅಂದರೆ ಬೇರೆಬೇರೆ ಸ್ವರಗಳಲ್ಲಿ ಅವು ವಿದ್ಯುತ್ತಿಗೆ ಒಡ್ಡುವ ತಡೆಯ ನಕ್ಷೆಯನ್ನು, ನೋಡಿದೆ. ಹಿಂಬದಿಯಲ್ಲಿ 8 ಓಮ್ ಎಂದು ಬರೆದಿದೆ, ಆದರೆ ಅದು ಹೆಸರಿಗಷ್ಟೇ. ಬಾಸ್ ಭಾಗದಲ್ಲಿ ಇಂಪೀಡೆನ್ಸ್ 30 ಓಮ್‌ವರೆಗೆ ಏರುತ್ತದೆ. ಅದಕ್ಕಿಂತ ಸ್ವಲ್ಪ ಮೇಲಿನ ಸ್ವರಗಳಲ್ಲಿ 4 ಓಮ್‌ಗೆ ಇಳಿಯುತ್ತದೆ.

ಇಡೀ ವಿಷಯದ ಗುಟ್ಟು ಈ ಏರಿಳಿತದಲ್ಲಿದೆ. ನನ್ನ ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್‌ನ ಒಳತಡೆ, 0.05 ಓಮ್‌ನಷ್ಟು. ಸ್ಪೀಕರ್ 4 ಓಮ್ ತೋರಿಸಲಿ, 30 ತೋರಿಸಲಿ, ಅದು ಕೊಡುವ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ. ವಾಲ್ವ್ ಆಂಪ್‌ನದು ಸುಮಾರು 2 ಓಮ್. ಲೆಕ್ಕ ಹಾಕಿದರೆ 4 ಓಮ್ ಇರುವಲ್ಲಿ 3.5 ಡೆಸಿಬೆಲ್ ನಷ್ಟ, 30 ಓಮ್ ಇರುವಲ್ಲಿ ಬರೀ 0.6. ಅಂದರೆ ಬಾಸ್ ಸುಮಾರು 3 ಡೆಸಿಬೆಲ್ ಉಬ್ಬಿ ಕೇಳುತ್ತದೆ. ಬೇರೆ ಸ್ಪೀಕರ್ ಜೋಡಿಸಿದರೆ ಅದೇ ಆಂಪ್ ಬೇರೆಯದೇ ದನಿ ಕೊಡುತ್ತದೆ. ಆದ್ದರಿಂದ ಆಂಪ್ಲಿಫೈಯರ್ ಒಂದನ್ನೇ ಹಿಡಿದು ಅದರ ಸ್ವಭಾವ ಇಂಥದ್ದು ಎಂದು ಹೇಳುವ ವಿಮರ್ಶೆಗಳನ್ನು ನಾನು ನೆಚ್ಚುವುದಿಲ್ಲ.

ಕೇಳಿ ಹೋಲಿಸುವಾಗ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದೆ: ಎರಡರ ಮಟ್ಟವೂ ಸಮವಾಗಿರಬೇಕು. ತುಸುವೇ ಜೋರಾಗಿರುವುದು ಕಿವಿಗೆ ಉತ್ತಮವೆಂದೇ ಅನ್ನಿಸುತ್ತದೆ. 1000 ಹರ್ಟ್ಸ್ ಸ್ವರ ನುಡಿಸಿ, ಸ್ಪೀಕರ್ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಚ್ಚಿ, ಎರಡೂ ಆಂಪ್‌ಗಳನ್ನು 2 ವೋಲ್ಟ್‌ಗೆ ತಂದೆ. ವ್ಯತ್ಯಾಸ 0.02 ವೋಲ್ಟ್ ಒಳಗಿದ್ದರೆ ಸಾಕು, ಅದು 0.1 ಡೆಸಿಬೆಲ್‌ಗಿಂತ ಕಡಿಮೆ.

ನನಗೆ ತೀರಾ ಹಿಡಿಸಿದ ಪ್ರಯೋಗ ಮುಂದಿನದು. ವಾಲ್ವ್ ಆಂಪ್‌ನ ಒಳತಡೆಯನ್ನು ಅನುಕರಿಸಲು ಟ್ರಾನ್ಸಿಸ್ಟರ್ ಆಂಪ್‌ಗೂ ಪ್ರತಿ ಸ್ಪೀಕರ್‌ಗೂ ನಡುವೆ ಸರಣಿಯಲ್ಲಿ 2 ಓಮ್‌ನ, 50 ವ್ಯಾಟ್ ತಾಳುವ ವೈರ್‌ವೌಂಡ್ ರೆಸಿಸ್ಟರ್ ಹಾಕಿ, ಮಟ್ಟವನ್ನು ಮತ್ತೆ ಸರಿಹೊಂದಿಸಿದೆ. ಚೆಲ್ಲೊ ಕೂಡಲೇ ಮೈತುಂಬಿಕೊಂಡಿತು! ಗಾಯಕಿಯ ಕಂಠದ ಕೆಳಸ್ವರಗಳಿಗೂ ತೂಕ ಬಂತು. ವಾಲ್ವ್‌ನದೇ ಮಾಯೆ ಎಂದುಕೊಳ್ಳುವ ಗುಣದಲ್ಲಿ ಬಹುಪಾಲು ಆ ಪುಟ್ಟ ರೆಸಿಸ್ಟರ್‌ನಿಂದಲೇ ದೊರೆಯಿತು. ಜೋರಾಗಿ ಇಟ್ಟಾಗ ಮಾತ್ರ ಎರಡೂ ಬೇರೆಯಾದವು: ಶಕ್ತಿಯ ಮಿತಿ ಮುಟ್ಟಿದಾಗ ಟ್ರಾನ್ಸಿಸ್ಟರ್ ಆಂಪ್ ಥಟ್ಟನೆ ಕರ್ಕಶವಾಗುತ್ತದೆ, ನನ್ನ ವಾಲ್ವ್ ಆಂಪ್ ಮೆಲ್ಲನೆ ಮಂಕಾಗುತ್ತದೆ.

ಶಕ್ತಿಯ ಲೆಕ್ಕವನ್ನೂ ಬಿಡುವಂತಿಲ್ಲ. ನನ್ನ ಸ್ಪೀಕರ್‌ಗಳ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸಿಗುವ ದನಿಯ ಮಟ್ಟ, 86 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಶಕ್ತಿ ಇಮ್ಮಡಿಯಾಗಬೇಕು. ಒಂದೇ 300ಬಿ ವಾಲ್ವ್ ಬಳಸುವ, 8 ವ್ಯಾಟ್‌ನ ಸಿಂಗಲ್ ಎಂಡೆಡ್ ಆಂಪ್ ಇಲ್ಲಿ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್‌ಗೇ ನಿಲ್ಲುತ್ತದೆ. ಹಾಗಾಗಿ ನಾನು ನೋಡಿದ್ದು ಇಎಲ್34 ಎಂಬ ವಾಲ್ವ್‌ಗಳು ಜೋಡಿಯಾಗಿ ದುಡಿಯುವ, 35 ವ್ಯಾಟ್‌ನ ಪುಶ್‌ಪುಲ್ ಮಾದರಿಯನ್ನು.

ಅದನ್ನೇ ಉಳಿಸಿಕೊಂಡೆ. ನಾನು ಕೇಳುವುದು ಹೆಚ್ಚಾಗಿ ಒಂಟಿ ಕಂಠ, ತಂತಿವಾದ್ಯ, ಅದೂ ತಗ್ಗಿದ ಮಟ್ಟದಲ್ಲಿ. ಆ ಮಟ್ಟದಲ್ಲಿ ಕಿವಿಗೆ ಬಾಸ್ ಕಡಿಮೆ ಕೇಳುವುದರಿಂದ ಈ ಉಬ್ಬು ನನಗೆ ವರವೇ ಆಗಿದೆ. ಕೋಣೆಯಲ್ಲಿ ಅದು ಗುಂಯ್‌ಗುಡದಂತೆ ಸ್ಪೀಕರ್‌ಗಳನ್ನು ಹಿಂದಿನ ಗೋಡೆಯಿಂದ ಮುಕ್ಕಾಲು ಮೀಟರ್ ಮುಂದಕ್ಕೆ ತಂದಿದ್ದೇನೆ. ಡ್ರಮ್ ಏಟು ಚುರುಕಾಗಿ ಬಂದು ಥಟ್ಟನೆ ನಿಲ್ಲಬೇಕು ಎನ್ನುವವರಿಗೆ ಇದೇ ಸ್ಪೀಕರ್‌ಗಳ ಜೊತೆ ಟ್ರಾನ್ಸಿಸ್ಟರ್ ಆಂಪ್ ಅನ್ನೇ ಹೇಳುತ್ತೇನೆ.