ಗಾಡಿ ಓಡಿಸುವಾಗ ಇಯರ್‌ಫೋನ್‌ನಲ್ಲಿ ಮಾತು ಬೇಡ

ಹುಬ್ಬಳ್ಳಿ–ಧಾರವಾಡ ನಡುವೆ ದಿನವೂ ಬೈಕಿನಲ್ಲಿ ಓಡಾಡುವ ಸದಸ್ಯರಲ್ಲಿ ಒಂದು ವಿನಂತಿ: ಕೈಗಳೆರಡೂ ಹ್ಯಾಂಡಲ್ ಮೇಲಿವೆ ಎಂಬ ಧೈರ್ಯದಿಂದ ಇಯರ್‌ಫೋನ್‌ನಲ್ಲಿ ಮಾತನಾಡುತ್ತ ಗಾಡಿ ಓಡಿಸಬೇಡಿ. ಕಣ್ಣಿಗೆ ಬಿದ್ದದ್ದೆಲ್ಲ ಅರಿವಿಗೆ ಬರುವುದಿಲ್ಲ. ಗಮನ ಎತ್ತ ಹರಿದಿದೆಯೋ ಅದಕ್ಕೆ ಸಂಬಂಧಿಸಿದ ಸಂಕೇತಗಳನ್ನು ಮಿದುಳು ಬಲಪಡಿಸಿ, ಉಳಿದವನ್ನು ಹಿಂದಕ್ಕೆ ತಳ್ಳುತ್ತದೆ. ಮನೋವಿಜ್ಞಾನಿಗಳಾದ ಸೈಮನ್ಸ್ ಮತ್ತು ಚಾಬ್ರಿಸ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆಂಡಿನ ಪಾಸುಗಳನ್ನು ಎಣಿಸುವುದರಲ್ಲಿ ಮಗ್ನರಾಗಿದ್ದ ವೀಕ್ಷಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಆಟಗಾರರ ನಡುವೆಯೇ ಹಾದುಹೋದ ಗೊರಿಲ್ಲಾ ವೇಷಧಾರಿ ಕಾಣಲೇ ಇಲ್ಲ. ಇನ್ನಿಬ್ಬರು ಮನೋವಿಜ್ಞಾನಿಗಳಾದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ 2001ರಲ್ಲಿ ಕೃತಕ ಚಾಲನೆಯ ಪರೀಕ್ಷೆ ನಡೆಸಿದಾಗ, ಫೋನ್ ಕೈಯಲ್ಲಿ ಹಿಡಿದವರೂ ಹಿಡಿಯದೆ ಮಾತನಾಡಿದವರೂ ಸಿಗ್ನಲ್‌ಗಳನ್ನು ಗಮನಿಸದೆ ಹೋಗುವುದು ಒಂದೇ ತೆರನಾಗಿ ಹೆಚ್ಚಿತು. ರೇಡಿಯೊ ಕೇಳುತ್ತಿದ್ದವರಲ್ಲಿ ಹಾಗಾಗಲಿಲ್ಲ. (ಹಾಗೆಂದು ಎರಡೂ ಕಿವಿ ಮುಚ್ಚಿ ಹಾಡು ಕೇಳುವುದಕ್ಕೆ ಇದು ಪರವಾನಗಿಯಲ್ಲ, ಹಿಂದಿನ ಹಾರ್ನ್ ಕೇಳಿಸಬೇಕಲ್ಲ!)

ನಮ್ಮಲ್ಲಿ ಅವಳಿ ನಗರದ ತ್ವರಿತ ಸಾರಿಗೆಯ ‘ಚಿಗರಿ’ ಬಸ್ಸುಗಳು ರಸ್ತೆಯ ನಡುವಿನ ಪ್ರತ್ಯೇಕ ಪಥದಲ್ಲಿ ಓಡುವುದರಿಂದ, ಉಣಕಲ್ ಅಥವಾ ನವನಗರದ ಬಳಿ ಬಲಕ್ಕೆ ತಿರುಗುವವರು ಎರಡೆರಡು ಪಥಗಳತ್ತ ಏಕಕಾಲದಲ್ಲಿ ಗಮನ ಕೊಡಬೇಕಾಗುತ್ತದೆ, ಅಲ್ಲಿ ಸಂಭಾಷಣೆಗೆ ಎಡೆಯೇ ಇಲ್ಲ. ಕರೆ ಬಂದರೆ ಎಡಬದಿಗೆ ನಿಲ್ಲಿಸಿ ಮಾತನಾಡಿ. ಮುಗಿದ ಮೇಲೂ ಮನಸ್ಸು ಆ ಮಾತಿನಲ್ಲೇ ಇರುವುದರಿಂದ, ಕನ್ನಡಿಗಳನ್ನು ನೋಡಿಕೊಂಡು ತುಸು ತಡೆದು ಹೊರಡಿ. ಮನೆಯವರಿಗೂ, ‘ಗಾಡಿ ಮೇಲಿದ್ದೇನೆ’ ಎಂದರೆ ಕೂಡಲೇ ಕರೆ ಕಡಿತಗೊಳಿಸುವಂತೆ ಹೇಳಿಡಿ.