ಹಿಮ ಬಿಟ್ಟುಹೋದ ಬಂಡೆಯ ವಯಸ್ಸು

ಹಿಮನದಿಯ ದಿಬ್ಬದ ಮೇಲೆ ಮೊದಲ ಸಲ ನಿಂತಾಗ ಎದುರಿಗೆ ನೂರಾರು ಬಂಡೆಗಳಿದ್ದವು. ಎರಡು ದಿನ ಅಲ್ಲೇ ಓಡಾಡಿ ಕೊನೆಗೆ ಆರು ಬಂಡೆ ಆರಿಸಿದೆ. ಆ ಆರರಲ್ಲಿ ಎರಡು ತಪ್ಪು ಆಯ್ಕೆ ಅಂತ ಗೊತ್ತಾಗಲು ಒಂದೂವರೆ ವರ್ಷ ಬೇಕಾಯಿತು. ಹಿಮಯುಗದ ಕೊನೆಯಲ್ಲಿ ಹಿಮನದಿ ಯಾವಾಗ ಹಿಂದೆ ಸರಿಯಿತು ಅನ್ನುವುದು ಲ್ಯಾಬಿನಲ್ಲಿ ಗೊತ್ತಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅರ್ಧಕ್ಕಿಂತ ಜಾಸ್ತಿ ಕೆಲಸ ದಿಬ್ಬದ ಮೇಲೇ, ಬಂಡೆ ಆರಿಸುವಾಗಲೇ ಮುಗಿದಿರುತ್ತದೆ.

ಈ ದಿಬ್ಬಕ್ಕೆ ಮೊರೇನ್ ಅಂತಾರೆ. ಹಿಮನದಿ ತನ್ನ ಮೂತಿಯ ಹತ್ತಿರ ತಂದು ಸುರಿದ ಕಲ್ಲುಮಣ್ಣಿನ ರಾಶಿ ಅದು. ಹಿಮ ಎಲ್ಲಿಯವರೆಗೆ ಬಂದು ನಿಂತಿತ್ತೋ ಅಲ್ಲಿ ಒಂದು ದಿಬ್ಬ ಉಳಿಯುತ್ತದೆ. ಹಿಮ ಕರಗಿ ಹಿಂದೆ ಸರಿದ ಮೇಲೆ ನೆತ್ತಿಯ ಬಂಡೆಗಳು ಬಯಲಲ್ಲಿ ಕೂತುಬಿಡುತ್ತವೆ. ಅವು ಎಷ್ಟು ವರ್ಷದಿಂದ ಕೂತಿವೆ ಅಂತ ತಿಳಿದರೆ ಹಿಮ ಹೊರಟ ಕಾಲವೂ ತಿಳಿಯುತ್ತದೆ.

ಬಂಡೆಗೆ ಗಡಿಯಾರ ಎಲ್ಲಿಂದ ಬಂತು? ಬಾಹ್ಯಾಕಾಶದಿಂದ ಕಾಸ್ಮಿಕ್ ಕಿರಣಗಳು ಸದಾ ಭೂಮಿಯ ಕಡೆ ಬರುತ್ತಿರುತ್ತವೆ. ಅವು ಗಾಳಿಯಲ್ಲಿ ಎಬ್ಬಿಸಿದ ನ್ಯೂಟ್ರಾನ್‌ಗಳು ನೆಲ ತಲುಪಿ, ಬೆಣಚುಕಲ್ಲಿನೊಳಗಿನ ಆಕ್ಸಿಜನ್ ಪರಮಾಣುಗಳಿಗೆ ಬಡಿಯುತ್ತವೆ. ಹಾಗೆ ಒಡೆದಾಗ ಅಪರೂಪಕ್ಕೊಮ್ಮೆ ಬೆರಿಲಿಯಂ-10 ಅನ್ನುವ ವಿಕಿರಣಶೀಲ ಪರಮಾಣು ಹುಟ್ಟುತ್ತದೆ. ಸಮುದ್ರಮಟ್ಟದಲ್ಲಿ, ಧ್ರುವದ ಕಡೆಯ ನಾಡುಗಳಲ್ಲಿ, ಒಂದು ಗ್ರಾಂ ಬೆಣಚುಕಲ್ಲಿಗೆ ವರ್ಷಕ್ಕೆ ಸುಮಾರು 4 ಪರಮಾಣು. ಅಷ್ಟೇ! ಎತ್ತರಕ್ಕೆ ಹೋದಂತೆ ತಲೆಯ ಮೇಲಿನ ಗಾಳಿ ತೆಳುವಾಗುತ್ತದೆ, ಸಂಖ್ಯೆ ಹಲವು ಪಟ್ಟು ಏರುತ್ತದೆ. ಬೆರಿಲಿಯಂ-10ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 13.9 ಲಕ್ಷ ವರ್ಷ. ಹಾಗಾಗಿ ಕಳೆದ 20,000 ವರ್ಷದಲ್ಲಿ ಹುಟ್ಟಿದ್ದು ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಗ್ರಾಂಗೆ 60,000 ಪರಮಾಣು ಸಿಕ್ಕರೆ, ವರ್ಷಕ್ಕೆ 4ರಂತೆ, 15,000 ವರ್ಷ. ಮೂಲ ಲೆಕ್ಕ ಇಷ್ಟು ಸರಳ.

ಬೇರೆ ದಾರಿಗಳೂ ಇವೆ. ಸ್ವೀಡನ್ನಿನ ಜೆರಾರ್ಡ್ ಡಿ ಗೇರ್ 19ನೇ ಶತಮಾನದ ಕೊನೆಯಲ್ಲೇ ಹಿಮದ ಅಂಚಿನ ನೀರಿನಲ್ಲಿ ಕೂತ ಕೆಸರಿನ ಪದರಗಳನ್ನು ಎಣಿಸಲು ಶುರುಮಾಡಿದ್ದರು. ಬೇಸಿಗೆಗೆ ಒಂದು ದಪ್ಪ ಪದರ, ಚಳಿಗಾಲಕ್ಕೆ ಒಂದು ನಯವಾದ ಜೇಡಿ ಪದರ. ವರ್ಷ ವರ್ಷದ ಲೆಕ್ಕ ಸಿಗುತ್ತದೆ. ನನಗೆ ಈಗಲೂ ಇದಕ್ಕಿಂತ ಚೆಂದದ ವಿಧಾನ ಕಂಡಿಲ್ಲ. ಆದರೆ ಹಿಮದ ಮುಂದೆ ನಿಂತ ನೀರು ಇದ್ದ ಕಡೆ ಮಾತ್ರ ಅದು ನಡೆಯುತ್ತದೆ. ಜೀವಿಗಳ ಉಳಿಕೆಯಲ್ಲಿನ ಕಾರ್ಬನ್‌ನಿಂದ ವಯಸ್ಸು ಹಿಡಿಯುವ ರೇಡಿಯೋಕಾರ್ಬನ್ ವಿಧಾನಕ್ಕೆ ಗಿಡದ ಚೂರೋ ಮರದ ತುಂಡೋ ಬೇಕು. ಹಿಮ ಹೋಗಿ ಎಷ್ಟೋ ಕಾಲದ ಮೇಲೆ ಗಿಡ ಬರುತ್ತದೆ. ಹಾಗಾಗಿ ದಿಬ್ಬದ ಹಿಂದಿನ ಕೆರೆಯ ತಳದಲ್ಲಿ ಸಿಗುವ ತಾರೀಖು "ಕಡಿಮೆ ಅಂದರೆ ಇಷ್ಟು ಹಳೆಯದು" ಅಂತ ಮಾತ್ರ ಹೇಳುತ್ತದೆ. ನಾನು ಕೆಲಸ ಮಾಡಿದ ಕಣಿವೆಯಲ್ಲಿ ಕೆರೆಯೂ ಇರಲಿಲ್ಲ, ಮರವೂ ಇರಲಿಲ್ಲ. ಗ್ರಾನೈಟ್ ಬಂಡೆ ಬೇಕಾದಷ್ಟಿತ್ತು.

ಈಗ ಆರಿಸುವ ವಿಷಯ. ನಾನು ಹುಡುಕುವುದು ದಿಬ್ಬದ ನೆತ್ತಿಯಲ್ಲೇ ಕೂತ, ಆಳವಾಗಿ ನೆಟ್ಟುಕೊಂಡ, ಒಂದು ಮೀಟರಿಗಿಂತ ಎತ್ತರದ ಬಂಡೆ. ಎತ್ತರ ಯಾಕೆ ಅಂದರೆ ಗಿಡ್ಡ ಬಂಡೆಯನ್ನು ಚಳಿಗಾಲದ ಹಿಮ ಮುಚ್ಚುತ್ತದೆ, ಮುಚ್ಚಿದಷ್ಟು ದಿನ ಕಿರಣ ಕಡಿಮೆ ತಾಗುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ಒಂದು ಮೀಟರ್ ಹಿಮ ಕೂತರೆ ವಯಸ್ಸು ಸುಮಾರು ಶೇ 5 ಕಮ್ಮಿ ಬರುತ್ತದೆ. 15,000 ವರ್ಷಕ್ಕೆ ಅದು 750 ವರ್ಷ. ಯಂಗರ್ ಡ್ರಯಾಸ್ ಅನ್ನುವ ಚಳಿಯ ಕಾಲ 12,900ರಿಂದ 11,700 ವರ್ಷದ ಹಿಂದಿನವರೆಗೆ, ಒಟ್ಟು 1,200 ವರ್ಷ ಮಾತ್ರ ಇತ್ತು. 750 ವರ್ಷ ತಪ್ಪಿದರೆ ದಿಬ್ಬ ಆ ಚಳಿಯದೋ ಅಲ್ಲವೋ ಅಂತಲೇ ಹೇಳಲಾಗುವುದಿಲ್ಲ.

ಆಮೇಲೆ ಬಂಡೆಯ ಮೈ. ಅಂಗೈ ಇಟ್ಟು ಸವರುತ್ತೇನೆ. ಬೆಣಚಿನ ಗೆರೆ ಸುತ್ತಲಿನ ಕಲ್ಲಿಗಿಂತ ಅರ್ಧ ಬೆರಳು ಮೇಲೆದ್ದು ಕೈಗೆ ತಾಗಿದರೆ, ಸುತ್ತಲಿನ ಕಲ್ಲು ಅಷ್ಟು ಸವೆದಿದೆ ಅಂತ ಅರ್ಥ. ಮೇಲ್ಮೈ ಸವೆದರೆ ಬೆರಿಲಿಯಂ ಕೂಡ ಅದರ ಜೊತೆ ಹೋಗಿರುತ್ತದೆ. ಹಿಮ ಉಜ್ಜಿದ ನುಣುಪು, ಒಂದೇ ದಿಕ್ಕಿನ ಸಣ್ಣ ಗೀರುಗಳು ಇನ್ನೂ ಉಳಿದಿದ್ದರೆ ನನಗೆ ಅವತ್ತಿನ ದಿನವೇ ಸಾರ್ಥಕ. ಅಂಥ ಬಂಡೆಯ ನೆತ್ತಿಯಿಂದ ಉಳಿ ಸುತ್ತಿಗೆ ಹಿಡಿದು 2-3 ಸೆಂ.ಮೀ. ದಪ್ಪದ ಚಕ್ಕೆಗಳನ್ನು ಎಬ್ಬಿಸುತ್ತೇನೆ, ಸುಮಾರು ಒಂದು ಕೆ.ಜಿ. ದಪ್ಪ ಅಳೆದು ಬರೆದುಕೊಳ್ಳಲೇಬೇಕು. ಸುತ್ತಲಿನ ಬೆಟ್ಟಗಳು ಆಕಾಶವನ್ನು ಎಷ್ಟು ಮರೆಮಾಡಿವೆ ಅಂತ ಒಂದು ಸುತ್ತು ಕೋನ ಅಳೆಯುತ್ತೇನೆ. ಚಳಿಗಾಳಿಯಲ್ಲಿ ಇದನ್ನು ಸುಮ್ನೆ ಅಂದಾಜಿನಲ್ಲಿ ಬರೆಯೋಣ ಅನ್ನಿಸುತ್ತದೆ. ಬರೆಯಬಾರದು.

ಲ್ಯಾಬಿನಲ್ಲಿ ಮೊದಲು ಪುಡಿ, ಜರಡಿ, ಕಾಂತದಿಂದ ಕಪ್ಪು ಹರಳು ತೆಗೆಯುವುದು. ನಂತರ ತೆಳುವಾದ ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಮತ್ತೆ ಮತ್ತೆ ತೊಳೆಯುವುದು. ಬೇರೆ ಹರಳುಗಳು ಬೇಗ ಕರಗುತ್ತವೆ, ಬೆಣಚು ತಡೆದುಕೊಳ್ಳುತ್ತದೆ. ಮಳೆಯ ಜೊತೆ ಇಳಿದು ಹರಳಿನ ಮೈಗೆ ಅಂಟಿದ ಬೆರಿಲಿಯಂ-10 ಕೂಡ ಇಲ್ಲೇ ಹೋಗಬೇಕು. ಅದು ಉಳಿದರೆ ಇಡೀ ಲೆಕ್ಕ ಕೆಟ್ಟಿತು. ಈ ಆಸಿಡ್ ಚರ್ಮದ ಮೂಲಕ ಒಳಗಿಳಿದು ಮೂಳೆಯವರೆಗೆ ಹೋಗುತ್ತದೆ. ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಇಲ್ಲದೆ, ಜೊತೆಗೆ ಇನ್ನೊಬ್ಬರು ಇಲ್ಲದೆ ನಾನು ಬಾಟಲಿ ಮುಚ್ಚಳ ತೆಗೆಯುವುದಿಲ್ಲ. ವಾರಗಟ್ಟಲೆ ತೊಳೆದ ಮೇಲೆ ಸಕ್ಕರೆಯಂಥ ಬಿಳಿ ಹರಳು ಉಳಿಯುತ್ತದೆ.

ಅದನ್ನು ಪೂರ್ತಿ ಕರಗಿಸುವ ಮೊದಲು ಅಳೆದಿಟ್ಟ ಸಾಮಾನ್ಯ ಬೆರಿಲಿಯಂ-9 ಸೇರಿಸುತ್ತೇವೆ, ಕಾಲು ಮಿಲಿಗ್ರಾಂ ಮಟ್ಟಿಗೆ. ಕೊನೆಗೆ ಟ್ಯೂಬಿನ ತಳದಲ್ಲಿ ಮಂಜಿನಂಥ ಒಂದು ಹನಿ ಲೋಳೆ ಕೂರುತ್ತದೆ. ಕಣ್ಣಿಗೆ ಕಾಣುವುದೆಲ್ಲ ನಾವೇ ಸೇರಿಸಿದ್ದು. ಗ್ರಾಂಗೆ 60,000ದಂತೆ 20 ಗ್ರಾಂ ಬೆಣಚಿದ್ದರೆ ಅದರಲ್ಲಿ ಬೆರಿಲಿಯಂ-10 ಇರುವುದು 12 ಲಕ್ಷ ಪರಮಾಣು. ಅಂದರೆ ಸುಮಾರು 14 ಲಕ್ಷ ಕೋಟಿ ಬೆರಿಲಿಯಂ-9 ಪರಮಾಣುಗಳ ನಡುವೆ ಒಂದು. ಅದನ್ನು ಆಕ್ಸಿಲರೇಟರ್ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಯಂತ್ರ ಒಂದೊಂದಾಗಿ ಎಣಿಸುತ್ತದೆ. ಅದೇ ತೂಕದ ಬೋರಾನ್-10 ನಡುವೆ ನುಗ್ಗಿ ಎಣಿಕೆ ಕೆಡಿಸದ ಹಾಗೆ ಅದನ್ನು ಬೇರ್ಪಡಿಸಬೇಕು. ಪ್ರತಿ ಬ್ಯಾಚಿನ ಜೊತೆ ಕಲ್ಲೇ ಹಾಕದ ಒಂದು ಖಾಲಿ ಟ್ಯೂಬನ್ನೂ ಎಲ್ಲ ಹಂತ ದಾಟಿಸುತ್ತೇವೆ. ಅದರಲ್ಲಿ ಬಂದಷ್ಟನ್ನು ಕಳೆಯಬೇಕಲ್ವಾ.

ನನ್ನ ಆರು ಬಂಡೆಗಳಲ್ಲಿ ನಾಲ್ಕು ಒಂದಕ್ಕೊಂದು ಹೊಂದಿಕೊಂಡವು. ಒಂದು ಉಳಿದವಕ್ಕಿಂತ ಎರಡು ಪಟ್ಟು ಹಳೆಯದು. ಇನ್ನೊಂದು ಸಾವಿರಾರು ವರ್ಷ ಚಿಕ್ಕದು. ಎರಡನ್ನೂ ಸರಾಸರಿಗೆ ಸೇರಿಸಿ ಮುಗಿಸಬಹುದಿತ್ತು. ಆದರೆ ಕಾರಣ ಗೊತ್ತಿಲ್ಲದೆ ಸೇರಿಸುವುದೂ ತಪ್ಪು, ಬಿಡುವುದೂ ತಪ್ಪು. ಹಾಗಾಗಿ ನನ್ನ ನೋಟ್‌ಬುಕ್ ತೆಗೆದೆ. ಹಳೆಯ ಬಂಡೆಯ ಮುಂದೆ ನನ್ನದೇ ಅಕ್ಷರದಲ್ಲಿ ಬರೆದಿತ್ತು: "ಮೂಲೆ ಚೂಪು, ಗೀರು ಇಲ್ಲ." ಅದು ಹಿಮದ ತಳದಲ್ಲಿ ಉಜ್ಜಿಸಿಕೊಂಡು ಬಂದ ಬಂಡೆಯೇ ಅಲ್ಲ. ಮೇಲಿನ ಬೆಟ್ಟದಿಂದ ಹಿಮದ ಬೆನ್ನಿನ ಮೇಲೆ ಬಿದ್ದು ಹಾಗೇ ಸವಾರಿ ಮಾಡಿ ಬಂದದ್ದು. ಬೆಟ್ಟದಲ್ಲಿದ್ದಾಗಲೇ ಅದರ ಗಡಿಯಾರ ಓಡುತ್ತಿತ್ತು. ಆ ಹಳೆ ಲೆಕ್ಕ ಅಳಿಯಬೇಕಾದರೆ ಮೇಲಿನ ಎರಡು ಮೂರು ಮೀಟರ್ ಕಲ್ಲು ಉಜ್ಜಿ ಹೋಗಬೇಕು. ನಾನು ಅದನ್ನು ಆರಿಸಿದ್ದು ಅತಿ ದೊಡ್ಡದು ಅನ್ನುವ ಕಾರಣಕ್ಕೆ.

ಚಿಕ್ಕ ವಯಸ್ಸಿನ ಬಂಡೆಯ ವಿಷಯ ಫೋಟೋದಲ್ಲಿತ್ತು. ಮೇಲ್ಭಾಗದಲ್ಲಿ ದಟ್ಟ ಕಲ್ಲುಹೂವು. ಬುಡದಿಂದ ಮೊಳದೆತ್ತರದವರೆಗೆ ಏನೂ ಇಲ್ಲ, ಬಿಳಿಚಿಕೊಂಡ ಕಲ್ಲು. ಅಂದರೆ ಸುತ್ತಲಿನ ಮಣ್ಣು ಈಗಲೂ ಕೊಚ್ಚಿ ಇಳಿಯುತ್ತಿದೆ. ಹಿಮ ಹೋದ ದಿನ ಆ ಬಂಡೆ ಮಣ್ಣಿನೊಳಗೇ ಇತ್ತು.

ಇನ್ನೊಂದು ಮಾತು ಹೇಳಬೇಕು. ವರ್ಷಕ್ಕೆ ಎಷ್ಟು ಪರಮಾಣು ಹುಟ್ಟುತ್ತದೆ ಅನ್ನುವ ದರವನ್ನೇ ವಿಜ್ಞಾನಿಗಳು ತಿದ್ದುತ್ತಾ ಬಂದಿದ್ದಾರೆ. ಹಿಂದೆ 5ರ ಹತ್ತಿರ ಹಿಡಿಯುತ್ತಿದ್ದರು, ಈಗ 4ರ ಸುತ್ತ. ದರ ಇಳಿದರೆ ಅದೇ ಬಂಡೆಗೆ ವಯಸ್ಸು ಏರುತ್ತದೆ. ಹಾಗಾಗಿ ಹಳೆಯ ವಯಸ್ಸುಗಳನ್ನು ಹಾಗೇ ಎತ್ತಿಕೊಳ್ಳದೆ ಮತ್ತೆ ಲೆಕ್ಕ ಹಾಕಬೇಕು. ನಾನು ಪ್ರಕಟಿಸುವಾಗ ವಯಸ್ಸಿನ ಜೊತೆ ಎತ್ತರ, ಚಕ್ಕೆಯ ದಪ್ಪ, ಬೆಟ್ಟದ ಮರೆ, ಪರಮಾಣು ಎಣಿಕೆ ಎಲ್ಲ ಕೊಡುತ್ತೇನೆ. ನಾಳೆ ಯಾರಾದರೂ ಹೊಸ ದರದಲ್ಲಿ ತಿದ್ದಿಕೊಳ್ಳಲಿ. ಒಂದೇ ಕಣಿವೆಯ ಎರಡು ದಿಬ್ಬ ಹೋಲಿಸುವಾಗ ದರದ ತಪ್ಪು ಎರಡಕ್ಕೂ ಒಂದೇ, ಚಿಂತೆ ಇಲ್ಲ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರತೊಡಗಿದ್ದು ಸುಮಾರು 18,000 ವರ್ಷದ ಹಿಂದೆ. ಹಿಮ ಸರಿದದ್ದು ಅದಕ್ಕೆ ಮೊದಲೋ ಆಮೇಲೋ ಅಂತ ಕೇಳಿದಾಗ ಮಾತ್ರ ಆ ತಪ್ಪನ್ನೂ ಸೇರಿಸಿಯೇ ಉತ್ತರ ಹೇಳಬೇಕು. ನಾನು ಈ ಕೆಲಸಕ್ಕೆ ಬಂದದ್ದೇ ಆ ಪ್ರಶ್ನೆಗಾಗಿ.

ಹೋದ ಸಲ ಅದೇ ಕಣಿವೆಯ ಒಳಗಿನ ದಿಬ್ಬಕ್ಕೆ ಹೋಗಿದ್ದೆವು, ಹಿಮ ಹಿಂದೆ ಸರಿಯುವಾಗ ನಡುವೆ ನಿಂತ ಜಾಗಕ್ಕೆ. ಐದು ಬಂಡೆ ಸಿಕ್ಕವು. ಅಲ್ಲಿದ್ದ ಅತಿ ದೊಡ್ಡ ಬಂಡೆಯ ಮೂಲೆಗಳು ಚೂಪಾಗಿದ್ದವು, ಅದನ್ನು ಬಿಟ್ಟು ಬಂದೆವು. ಐದರ ಪುಡಿ ಈಗ ಮೂರನೇ ಸುತ್ತಿನ ಆಸಿಡ್‌ನಲ್ಲಿದೆ.