ಹಳೇ ಸ್ಮಶಾನದಲ್ಲಿ ಅಕ್ಷರ ಓದಲು ಕಲಿತದ್ದು: ನನ್ನ ಅನುಭವ

ಐರ್ಲೆಂಡಿನ ಮೀತ್ ಕೌಂಟಿಯ ಈ ಸಣ್ಣ ಊರಿಗೆ ಬಂದು ಎರಡು ವರ್ಷ ಆದಮೇಲೆ ನಾನು ಇಲ್ಲಿನ ಪರಂಪರೆ ಸಂಘಕ್ಕೆ ಸೇರಿದೆ. ವರ್ಷಕ್ಕೆ 20 ಯೂರೋ ಶುಲ್ಕ. ಚಳಿಗಾಲದಲ್ಲಿ ತಿಂಗಳಿಗೊಂದು ಉಪನ್ಯಾಸ, ಆಮೇಲೆ ಟೀ, ಬಿಸ್ಕತ್ತು. ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು, ಆದರೆ ಮಾತೆಲ್ಲ ಯಾರ ಅಜ್ಜ ಯಾವ ಹೊಲ ಮಾಡುತ್ತಿದ್ದ, ಯಾವ ಮನೆತನ ಯಾವ ಟೌನ್‌ಲ್ಯಾಂಡಿನದು ಅನ್ನುವುದರ ಸುತ್ತಲೇ. ಟೌನ್‌ಲ್ಯಾಂಡ್ ಅಂದರೆ ಊರಿಗಿಂತ ಚಿಕ್ಕದಾದ, ತನ್ನದೇ ಹೆಸರು, ಗಡಿ ಇರುವ ಜಾಗ. ಇಡೀ ದ್ವೀಪದಲ್ಲಿ 60,000ಕ್ಕೂ ಜಾಸ್ತಿ ಇವೆ. ಅಜ್ಜಿ ಮನೆ ಹಾಸನದಲ್ಲಿರುವ ನಾನು ಆ ಮಾತಿಗೆ ಏನು ಸೇರಿಸಲಿ?

ವಸಂತ ಬಂದಾಗ ಸಂಘ ಹಳೇ ಸ್ಮಶಾನದ ಸಮಾಧಿ ಕಲ್ಲುಗಳ ಮೇಲಿನ ಬರಹವನ್ನು ದಾಖಲು ಮಾಡಲು ಶುರುಮಾಡಿತು. ಬರುತ್ತೇನೆ ಅಂದೆ. ನಾನು ನಿಜವಾಗಿ ಸದಸ್ಯೆ ಆದದ್ದು ಅವತ್ತೇ.

ಮೊದಲ ದಿನ ಗಟ್ಟಿ ಬ್ರಷ್ ತಗೊಂಡು ಹೋಗಿದ್ದೆ. ಹಿರಿಯರೊಬ್ಬರು ಅದನ್ನು ಮೆಲ್ಲಗೆ ಕೈಯಿಂದ ತಗೊಂಡು ಬದಿಗಿಟ್ಟರು. ಬರೀ ನೀರು, ಮೆತ್ತನೆ ಬ್ರಷ್, ಅಷ್ಟೇ. ಬ್ಲೀಚ್ ಬೇಡ, ತಂತಿ ಬ್ರಷ್ ಬೇಡ, ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತಿಕ್ಕುವುದೂ ಬೇಡ. ಐವಿ ಬಳ್ಳಿಯನ್ನು ಎಳೆದು ಕೀಳಬಾರದು, ಎಷ್ಟೋ ಕಡೆ ಬಿರುಕು ಬಿಟ್ಟ ಕಲ್ಲನ್ನು ಹಿಡಿದು ನಿಲ್ಲಿಸಿರುವುದೇ ಅದು. ಸವೆದ ಅಕ್ಷರ ಓದಬೇಕಾದರೆ ಕಲ್ಲಿನ ಮೇಲೆ ನೆರಳು ಮಾಡಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ಆಗ ಏನೂ ಇಲ್ಲ ಅನ್ನಿಸಿದ ಕಲ್ಲಿನಲ್ಲೂ ಒಂದೊಂದೇ ಗೆರೆ ಎದ್ದು ಬರುತ್ತದೆ. ಆ ಕ್ಷಣ ನನಗೆ ಇವತ್ತಿಗೂ ಮೈ ಜುಮ್ ಅನ್ನಿಸುತ್ತದೆ.

ಒಂದು ಕಲ್ಲಿನ ಮುಂದೆ ನಿಂತಿದ್ದಾಗ ಜೊತೆಗಿದ್ದವರು ನೋಡಿದ ತಕ್ಷಣ ಒಂದು ಮನೆತನದ ಹೆಸರು ಹೇಳಿದರು. ಆ ಮನೆತನದ ಕಲ್ಲುಗಳು ಸುತ್ತಲೂ ಇದ್ದವಲ್ಲ, ಹಾಗಾಗಿ. ನನಗೆ ಯಾವ ಮನೆತನವೂ ಗೊತ್ತಿಲ್ಲ. ಕಂಡದ್ದನ್ನು ಅಕ್ಷರ ಅಕ್ಷರವಾಗಿ ಬರೆದುಕೊಂಡೆ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಶಿಲ್ಪಿ ಎರಡು ಅಕ್ಷರಗಳನ್ನು ಚಿಕ್ಕದಾಗಿ ಮೇಲೆ ಕೆತ್ತಿದ್ದ. ಹಳೇ ಕಲ್ಲುಗಳಲ್ಲಿ ಇದು ಮಾಮೂಲು. ಅವನ್ನೂ ಸೇರಿಸಿ ಓದಿದರೆ ಹೆಸರು ಬೇರೆಯೇ. "ನೀವು ಹೇಳಿದ್ದೇ ಸರಿ" ಅಂದರು, ತಾವು ಬರೆದದ್ದನ್ನು ಹೊಡೆದುಹಾಕಿದರು. ಅವತ್ತಿನಿಂದ ಕಷ್ಟದ ಕಲ್ಲು ಬಂದರೆ ನನ್ನನ್ನೇ ಕರೆಯುತ್ತಾರೆ. ಊರಿನ ಬಗ್ಗೆ ಏನೂ ಗೊತ್ತಿಲ್ಲದ್ದೇ ನನಗೆ ಅನುಕೂಲವಾಯಿತು. ಊಹೆ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಇಲ್ಲಿ ಕಲ್ಲಿನ ಮೇಲೆ ಮೊದಲು ಬರುವ ಹೆಸರು ಎಷ್ಟೋ ಸಲ ಸತ್ತವರದ್ದಲ್ಲ, ಕಲ್ಲು ನಿಲ್ಲಿಸಿದವರದ್ದು. ಅರ್ಧಕ್ಕೆ ಓದಿ ನಿಲ್ಲಿಸಿದರೆ ಬದುಕಿದ್ದವರನ್ನು ಸತ್ತವರ ಪಟ್ಟಿಗೆ ಹಾಕಿಬಿಡುತ್ತೇವೆ.

ಇಷ್ಟೆಲ್ಲ ಯಾಕೆ ಅಂತ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಾರೆ. 1922ರಲ್ಲಿ ಅಂತರ್ಯುದ್ಧ ಶುರುವಾದಾಗ ಡಬ್ಲಿನ್‌ನ ಫೋರ್ ಕೋರ್ಟ್ಸ್ ಅನ್ನುವ ನ್ಯಾಯಾಲಯದ ಆವರಣದಲ್ಲಿದ್ದ ಸರ್ಕಾರಿ ದಾಖಲೆಗಳ ಕಟ್ಟಡ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಅದರಲ್ಲೇ ಹೋಯಿತು. ಆಮೇಲಿನ ನಾಲ್ಕು ಗಣತಿಗಳ ಕಾಗದಗಳನ್ನು ಅದಕ್ಕೂ ಮುಂಚೆ ಸರ್ಕಾರವೇ ನಾಶ ಮಾಡಿಸಿತ್ತು. ಪೂರ್ತಿ ಉಳಿದಿರುವ ಹಳೇ ಗಣತಿಗಳು 1901 ಮತ್ತು 1911ರವು. ಅಂದರೆ ಅದಕ್ಕಿಂತ ಹಿಂದಿನ ಎಷ್ಟೋ ಬಡ ಕುಟುಂಬಗಳ ಗುರುತು ಇಂಥ ಕಲ್ಲಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಸಿಗದೇ ಇರಬಹುದು. ಅದನ್ನೂ ಮಳೆ ತಿನ್ನುತ್ತಿದೆ. ಇದರಲ್ಲಿ ನಮ್ಮೂರು, ಅವರೂರು ಅಂತ ನನಗೆ ಕಾಣುವುದಿಲ್ಲ.

ಆಗಸ್ಟಿನ ಹೆರಿಟೇಜ್ ವೀಕ್‌ನಲ್ಲಿ ಸ್ಮಶಾನದ ನಡಿಗೆ ಇಟ್ಟಿದ್ದೆವು. ಆ ಕಲ್ಲಿನ ಹತ್ತಿರ ವಿವರಿಸುವ ಸರದಿ ನನ್ನದು. ಟಾರ್ಚ್ ಹಿಡಿದು ಆ ಎರಡು ಚಿಕ್ಕ ಅಕ್ಷರ ತೋರಿಸಿದೆ. ಹಿಂದೆ ನಿಂತಿದ್ದ ಹೆಂಗಸೊಬ್ಬರು ಮುಂದೆ ಬಂದು, ಅದು ತಮ್ಮ ತಾಯಿಯ ಕಡೆಯ ಹೆಸರು ಅಂತ ಹೇಳಿ ಟಾರ್ಚ್ ಕೇಳಿ ತಗೊಂಡರು. ಮಿಕ್ಕವರು ಮುಂದಿನ ಕಲ್ಲಿಗೆ ಹೋದರು, ನಾವಿಬ್ಬರು ಅಲ್ಲೇ ಉಳಿದೆವು.